ಐದು ಸಲದ ಹಾಲು

ನಮ್ಮ ರಸ್ತೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಎಲ್ಲರಿಗೂ ಅವಳು ಜಿಪ್ಪಮ್ಮ. ನನ್ನ ಔಷಧಿ ಅಂಗಡಿಯ ಎದುರಿಗಿರುವ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಂದಿನಲ್ಲಿ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಬಟ್ಟೆ ಹಾಕಿ ನೋಡಲು ಮೂಲೆಯಲ್ಲೊಂದು ಪರದೆ. ಅವಳು ಹೊಸ ಬಟ್ಟೆ ಹೊಲಿಯುವುದಿಲ್ಲ. ಕೆಟ್ಟ ಜಿಪ್ಪು ಬದಲಿಸುತ್ತಾಳೆ, ಉದ್ದ ಪ್ಯಾಂಟನ್ನು ಗಿಡ್ಡ ಮಾಡುತ್ತಾಳೆ, ಬಿಗಿಯಾದ ಸೊಂಟವನ್ನು ಸಡಿಲಿಸುತ್ತಾಳೆ.

“ದಪ್ಪ ಆದವರೂ ನನ್ನ ಹತ್ರಾನೇ ಬರ್ತಾರೆ, ಸಣ್ಣ ಆದವರೂ ನನ್ನ ಹತ್ರಾನೇ ಬರ್ತಾರೆ. ಇದ್ದ ಹಾಗೇ ಇರೋರಿಂದ ಮಾತ್ರ ನನಗೇನೂ ಉಪಯೋಗ ಇಲ್ಲ,” ಅನ್ನುತ್ತಿದ್ದಳು.

ಅವಳ ಗಂಡ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವರು. ಭುಜಕ್ಕೊಂದು ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ, ತಪ್ಪು ತೂಗುವ ಯಂತ್ರಗಳನ್ನು ಬಿಚ್ಚಿ ಸರಿಮಾಡಿ ಬರುತ್ತಿದ್ದರು. ಜನ ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಆಡಿದರೂ ಗ್ರಾಂ ಲೆಕ್ಕದಲ್ಲಿ.

ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗದಿದ್ದಾಗ ಎಲ್ಲರೂ ಅವಳನ್ನೇ ನೋಡಿದರು. ನಾಲ್ಕು ವರ್ಷ ಅವಳೊಬ್ಬಳೇ ಆಸ್ಪತ್ರೆ ಅಲೆದಳು. ರಕ್ತ ಕೊಟ್ಟಳು, ಸ್ಕ್ಯಾನು ಮಾಡಿಸಿದಳು, ಗರ್ಭನಾಳಕ್ಕೆ ಬಣ್ಣ ಬಿಟ್ಟು ನೋಡುವ ಪರೀಕ್ಷೆಗೆ ಎರಡು ಸಲ ಮಲಗಿದಳು. ಎಲ್ಲ ಸರಿಯಾಗಿದೆ ಎಂಬ ವರದಿಯನ್ನು ಹಿಡಿದು ಮನೆಗೆ ಬಂದರೆ ಅತ್ತೆ, “ಸರಿಯಾಗಿದ್ರೆ ಆಗ್ಬೇಕಿತ್ತಲ್ಲ?” ಎನ್ನುತ್ತಿದ್ದರು.

ಕೊನೆಗೆ ಹೊಸದಾಗಿ ಬಂದ ಒಬ್ಬ ಡಾಕ್ಟರಮ್ಮ ಅವಳ ದಪ್ಪ ಫೈಲನ್ನು ಹಿಂದೆ ಮುಂದೆ ತಿರುವಿ, “ನಿಮ್ಮ ಯಜಮಾನರ ಪರೀಕ್ಷೆ ಎಲ್ಲಿ?” ಎಂದು ಕೇಳಿದರು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಪರೀಕ್ಷೆಯಾಯಿತು. ಸಾಹೇಬರ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣುವೂ ಇರಲಿಲ್ಲ. ವೃಷಣದೊಳಗೆ ಸೂಜಿ ಹಾಕಿ ಹುಡುಕಿದರೆ ಒಂದೆರಡು ಸಿಕ್ಕಾವು, ಸಿಕ್ಕರೆ ಪ್ರಯೋಗಾಲಯದಲ್ಲಿ ಪ್ರಯತ್ನಿಸಬಹುದು ಎಂದರು. ಎರಡು ಸಲ ಹುಡುಕಿದರು. ಎರಡನೆಯ ಸಲ ಅವರು ಕಾಲು ಅಗಲಿಸಿಕೊಂಡು ನಿಧಾನ ನಡೆದು ಬರುವುದನ್ನು ನಾನೇ ನೋಡಿದ್ದೆ. ಬೈಕಿನಿಂದ ಬಿದ್ದೆ ಎಂದು ಹೇಳಿ ನೋವಿನ ಮಾತ್ರೆ ತೆಗೆದುಕೊಂಡು ಹೋದರು. ಏನೂ ಸಿಗಲಿಲ್ಲ.

ಈ ವಿಷಯ ಗಂಡ ಹೆಂಡತಿ ಇಬ್ಬರಲ್ಲೇ ಉಳಿಯಿತು. ಮನೆಯಲ್ಲಿ ಅತ್ತೆ ಅನ್ನುವುದನ್ನು ಅನ್ನುತ್ತಲೇ ಇದ್ದರು. ಜಿಪ್ಪಮ್ಮ ಕೇಳಿಸಿಕೊಳ್ಳುತ್ತಲೇ ಇದ್ದಳು.

ಡಾಕ್ಟರಮ್ಮ ಇನ್ನೊಂದು ದಾರಿ ಹೇಳಿದರು. “ಬೇರೆಯವರ ವೀರ್ಯ ತರಿಸಬಹುದು. ಎತ್ತರ, ಬಣ್ಣ, ರಕ್ತದ ಗುಂಪು ಎಲ್ಲ ನಿಮ್ಮವರಿಗೆ ಹೊಂದೋ ಹಾಗೆ. ಯಾರಿಗೂ ಗೊತ್ತಾಗಲ್ಲ.”

ಮನೆಗೆ ಬಂದ ಮೇಲೆ ಸಾಹೇಬರು ಊಟಕ್ಕೆ ಕೂತಾಗ, “ನಮಗೆ ಗೊತ್ತಾಗುತ್ತಲ್ಲ,” ಅಂದರಂತೆ. ಅಷ್ಟೇ. ಮರುದಿನ ಇಬ್ಬರೂ, ಧರ್ಮದಲ್ಲಿ ಇದಕ್ಕೆ ಒಪ್ಪಿಗೆ ಇದೆಯೇ ಎಂದು ಕೇಳಲು ಮುಫ್ತಿಗಳ ಹತ್ತಿರ ಹೋದರು.

ಮುಫ್ತಿಗಳ ಕೋಣೆ ಹಾಸಿಗೆ ಮಾರುವ ಅಂಗಡಿಯ ಮೇಲಿತ್ತು. ಎಪ್ಪತ್ತು ದಾಟಿದ ಮನುಷ್ಯ, ಕಿವಿಯಲ್ಲಿ ಯಂತ್ರ. ಅವರು ಗದರಲಿಲ್ಲ, ಉಪದೇಶಕ್ಕೂ ಇಳಿಯಲಿಲ್ಲ. ದಿನಕ್ಕೆ ನಾಲ್ಕು ಜನಕ್ಕೆ ಇದನ್ನೇ ಹೇಳಿ ದಣಿದವರ ಹಾಗೆ ಮಾತಾಡಿದರು.

“ಗಂಡ ಹೆಂಡತಿಯದೇ ಆದ್ರೆ, ಮದುವೆ ಇರೋವರೆಗೆ, ಗಾಜಿನ ತಟ್ಟೇಲಿ ಮಾಡಿದ್ರೂ ಅಡ್ಡಿ ಇಲ್ಲ. ಮಧ್ಯೆ ಮೂರನೆಯವರು ಬರೋ ಹಾಗಿಲ್ಲ. ತಾನು ಯಾರ ಮಗು ಅಂತ ತಿಳಿಯೋದು ಹುಟ್ಟೋ ಮಗುವಿನ ಹಕ್ಕು. ಅದನ್ನೇ ನಸಬ್ ಅಂತೀವಿ. ವಂಶದ ಗುರುತು. ಅದನ್ನ ನಾವು ಕೊಟ್ಟಿದ್ದಲ್ಲ, ಹಾಗಾಗಿ ಅಳಿಸೋಕೂ ನಮಗೆ ಅಧಿಕಾರ ಇಲ್ಲ. ಬೇರೆ ಥರ ಹೇಳೋ ಪಂಡಿತರೂ ಇದ್ದಾರೆ, ಹುಡುಕಿದ್ರೆ ನಿಮಗೆ ಸಿಗ್ತಾರೆ. ನನಗೆ ತಿಳಿದಿದ್ದು ಇದು.”

ಸಾಹೇಬರು ತಲೆಯಾಡಿಸಿದರು. ಜಿಪ್ಪಮ್ಮನಿಗೆ ರೇಗಿತು.

“ಬೇಡ ಅನ್ನೋದು ಅರ್ಥ ಆಯ್ತು ಹಜರತ್. ಇಷ್ಟು ವರ್ಷದಿಂದ ಎಲ್ಲರೂ ನನಗೆ ಇಲ್ಲ, ಆಗಲ್ಲ, ಬೇಡ, ಇದನ್ನೇ ಹೇಳ್ತಿದ್ದಾರೆ. ಏನು ಆಗುತ್ತೆ ಅನ್ನೋದನ್ನ ಒಬ್ಬರಾದ್ರೂ ಹೇಳ್ಬಾರದಾ?”

ಮುಫ್ತಿಗಳು ಕಿವಿಯ ಯಂತ್ರ ತೆಗೆದು, ಅದರ ಸಣ್ಣ ಬ್ಯಾಟರಿ ಬದಲಿಸಿ, ಮತ್ತೆ ಹಾಕಿಕೊಂಡರು.

“ತಬ್ಬಲಿ ಮಗುವನ್ನ ತಂದು ಸಾಕು ಮಗಳೇ. ಅದಕ್ಕಿಂತ ದೊಡ್ಡ ಕೆಲಸ ಇಲ್ಲ. ಆದ್ರೆ ಅದರ ಅಪ್ಪನ ಹೆಸರು ಅದಕ್ಕೇ ಇರಲಿ, ಇವರ ಹೆಸರು ಹಾಕಬೇಡಿ. ಇನ್ನೊಂದು ವಿಷಯ. ಹೆಣ್ಣು ಮಗುವಾದ್ರೆ, ಅವಳು ದೊಡ್ಡವಳಾದ ಮೇಲೆ ಇವರಿಗೆ ಹೊರಗಿನವಳು. ಇವರ ಮುಂದೆ ತಲೆ ಮುಚ್ಚಬೇಕು, ಇಬ್ಬರೇ ಒಂದು ಕೋಣೇಲಿ ಇರೋ ಹಾಗಿಲ್ಲ. ಸಾಕಿದವರಿಗೆ ಅದು ಕಷ್ಟ. ಅದಕ್ಕೂ ದಾರಿ ಇದೆ. ಎರಡು ವರ್ಷದೊಳಗಿನ ಮಗುವಿಗೆ ನೀನು ನಿನ್ನ ಹಾಲು ಕೊಟ್ರೆ ಅವಳು ನಿನ್ನ ಹಾಲುಮಗಳು. ಹೆಂಡತಿಯ ಮಗಳು ಅಂದ್ಮೇಲೆ ಇವರಿಗೂ ಮಗಳ ಹಾಗೇ. ಮುಸುಕು ಬೇಕಿಲ್ಲ.”

“ಹೆರದವಳಿಗೆ ಹಾಲು ಎಲ್ಲಿಂದ ಬರುತ್ತೆ?”

“ಅದು ನನ್ನ ವಿಷಯ ಅಲ್ಲಮ್ಮ. ಡಾಕ್ಟರನ್ನ ಕೇಳು. ಈಗ ಬರಿಸ್ತಾರಂತೆ.”

ಇಳಿದು ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಸಾಹೇಬರು ನೆಲ ನೋಡುತ್ತಾ ಹೇಳಿದರು: “ನಿನಗೇನೂ ತೊಂದರೆ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ನನ್ನ ಬಿಟ್ಟು ಬೇರೆಯವರನ್ನ ಮದುವೆಯಾದ್ರೆ ನಿನಗೆ ನಿನ್ನದೇ ಮಗು ಆಗುತ್ತೆ. ನಾನು ತಡೆಯಲ್ಲ. ಮನಸಾರೆ ಹೇಳ್ತಿದ್ದೀನಿ.”

ಬಸ್ಸು ಬಂತು, ನಿಂತಿತು, ಹೊರಟೇ ಹೋಯಿತು.

“ಈ ವಯಸ್ಸಲ್ಲಿ ಇನ್ನೊಬ್ಬ ಗಂಡಸಿನ ಗೊರಕೆಗೆ ಒಗ್ಗಿಕೊಳ್ಳೋ ಶಕ್ತಿ ನನಗಿಲ್ಲ ರೀ,” ಅಂದಳು ಜಿಪ್ಪಮ್ಮ. “ನೋಡಿ, ನಿಮ್ಮ ಮಾತು ಕೇಳ್ತಾ ಕೂತು ಬಸ್ ತಪ್ಪಿಹೋಯ್ತು.”

ಆ ಮೇಲೆ ಒಂದೂವರೆ ವರ್ಷ ಏನೂ ಆಗಲಿಲ್ಲ. ದುಃಖವೂ ಹಳೆಯದಾಗಿತ್ತು. ಅವಳು ಬೆಳಿಗ್ಗೆ ಬಂದು ಬಾಗಿಲೆತ್ತುತ್ತಿದ್ದಳು, ಸಂಜೆ ಇಳಿಸುತ್ತಿದ್ದಳು. ತಲೆಯ ಮೇಲೆ ಜನ ಹತ್ತಿ ಇಳಿಯುವ ಸದ್ದು ಕೇಳುತ್ತಾ ಪ್ಯಾಂಟುಗಳ ಅಂಚು ಮಡಚುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ, ಊಟಕ್ಕೆ ಕೂತ ಮಗನ ತಟ್ಟೆಯ ಪಕ್ಕದಲ್ಲಿ ಒಂದು ಫೋಟೋ ಇಟ್ಟರು. ವಿಧವೆ, ಒಳ್ಳೆಯ ಹೆಂಗಸು, ಎರಡನೆಯ ಮದುವೆಗೆ ಒಪ್ಪಿದ್ದಾಳೆ ಎಂದರು. ಜಿಪ್ಪಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

ಸಾಹೇಬರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಅಮ್ಮ, ಇನ್ನೂ ನಾಲ್ಕು ಮದುವೆ ಮಾಡಿದ್ರೂ ನಿನಗೆ ಮೊಮ್ಮಗು ಬರಲ್ಲ. ಕೊರತೆ ಇರೋದು ನನ್ನಲ್ಲಿ. ಅವಳಲ್ಲಿ ಏನೂ ಇಲ್ಲ. ಇಷ್ಟು ವರ್ಷ ನಿನ್ನ ಮಾತೆಲ್ಲ ಅವಳು ನನ್ನ ಬದಲಿಗೆ ಕೇಳಿಸಿಕೊಂಡಳು. ನಾನು ಸುಮ್ಮನಿದ್ದೆ. ತಪ್ಪು ಮಾಡಿದೆ.”

ಮುದುಕಿ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ರಸ್ತೆ ದಾಟಿಕೊಂಡು ಮೊದಲ ಬಾರಿಗೆ ಸೊಸೆಯ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

“ಇಷ್ಟು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ?”

“ಬಾಯಿ ಬಿಟ್ಟಿದ್ರೆ ನಿಮ್ಮ ಮಗ ಈ ರಸ್ತೇಲಿ ತಲೆ ಎತ್ತಿ ಓಡಾಡ್ತಿದ್ರಾ ಅತ್ತೆ?”

ಮುದುಕಿ, “ಕೊಡು ಇಲ್ಲಿ, ಸೂಜಿಗೆ ದಾರ ಪೋಣಿಸ್ತೀನಿ,” ಎಂದು ಕೈ ಚಾಚಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ದಾರ ನಾಲ್ಕಾರು ಸಲ ಜಾರಿತು. ಜಿಪ್ಪಮ್ಮ ಕೆಲಸ ನಿಲ್ಲಿಸಿ, ಅದು ಪೋಣಿಸಿ ಆಗುವವರೆಗೂ ಕಾದಳು.

ಮಗು ತಂದು ಸಾಕುವ ಮಾತನ್ನು ಮತ್ತೆ ಎತ್ತಿದ್ದು ಆ ಮುದುಕಿಯೇ.

ಅನಾಥಾಲಯದ ಮೇಲ್ವಿಚಾರಕಿ ಹೆಸರು ಬರೆದುಕೊಂಡರು. ಮನೆಗೆ ಬಂದು ಎರಡು ಕೋಣೆಗಳನ್ನೂ ನೋಡಿದರು, ಅಕ್ಕಪಕ್ಕದವರನ್ನು ವಿಚಾರಿಸಿದರು. ಪಾಲಕರಾಗಿ ಸಾಕಲು ಅಪ್ಪಣೆ ಸಿಗಬಹುದು, ಹಸುಗೂಸು ಬರಲು ಆರು ತಿಂಗಳೋ ವರ್ಷವೋ ಆದೀತು ಎಂದರು. ಅವತ್ತೇ ಜಿಪ್ಪಮ್ಮ ಡಾಕ್ಟರಮ್ಮನ ಹತ್ತಿರ ಹೋದಳು.

ಹಾಲು ಬರಿಸಲು ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಯ ಚೀಟಿ ನನ್ನ ಅಂಗಡಿಗೆ ಬಂದಾಗ ನಾನು ತಪ್ಪು ತಿಳಿದೆ. ಖುಷಿಯಿಂದ, “ಏನೇ ಇದು, ವಿಶೇಷನಾ? ನನಗೆ ಹೇಳಲೇ ಇಲ್ಲ,” ಅಂದುಬಿಟ್ಟೆ. ಅವಳು ಕೌಂಟರಿನ ಮೇಲೆ ಮೊಣಕೈ ಊರಿ, ಯಾವ ಮುಚ್ಚುಮರೆಯೂ ಇಲ್ಲದೆ ಎಲ್ಲವನ್ನೂ ಹೇಳಿದಳು. ಇಲ್ಲಿಯವರೆಗಿನ ಕತೆಯಲ್ಲಿ ನಾನು ಕಣ್ಣಾರೆ ನೋಡದೆ ಇರುವುದೆಲ್ಲ ಆ ಸಂಜೆ ಅವಳ ಬಾಯಿಂದ ಕೇಳಿದ್ದು.

ಅದು ದೇಹಕ್ಕೆ ತಾನು ಬಸುರಿ ಎಂಬ ಸುಳ್ಳು ಹೇಳುವ ಮಾತ್ರೆ. ದೇಹ ನಂಬಿತು. ಐದು ತಿಂಗಳು ಬಸುರಿಯ ವಾಕರಿಕೆ, ಬಸುರಿಯ ತಲೆನೋವು, ಬಸುರಿಯ ಸುಸ್ತು ಎಲ್ಲ ಬಂತು, ಬಸುರೊಂದು ಬಿಟ್ಟು. ರವಿಕೆಗಳು ಬಿಗಿಯಾದವು. “ನನ್ನ ಬಟ್ಟೆ ನಾನೇ ಸಡಿಲ ಮಾಡ್ಕೊಳ್ಳೋ ಕಾಲ ಬಂತು. ಕಿರಿಕಿರಿ ಗಿರಾಕಿ ಅಂದ್ರೆ ನಾನೇ,” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಆಮೇಲೆ ಮಾತ್ರೆ ನಿಲ್ಲಿಸಿ, ಹಾಲು ಹಿಂಡುವ ಪಂಪು ಶುರು. ಮೂರು ಗಂಟೆಗೊಮ್ಮೆ, ಒಂದೊಂದು ಬದಿಗೆ ಹದಿನೈದು ನಿಮಿಷ. ಅಂಗಡಿಯ ಪರದೆಯ ಹಿಂದೆ ಕೂತು ಹಿಂಡುತ್ತಿದ್ದಳು. ಹೊರಗೆ ಸ್ಟೂಲಿನ ಮೇಲೆ ಅತ್ತೆ ಕಾವಲು. ಯಾರಾದರೂ ಬಂದರೆ, “ಒಳಗೆ ಒಬ್ಬರು ಪ್ಯಾಂಟು ಹಾಕಿ ನೋಡ್ತಿದ್ದಾರೆ. ದಪ್ಪ ಮನುಷ್ಯ, ತಡ ಆಗುತ್ತೆ,” ಅನ್ನುತ್ತಿದ್ದರು. ಪಂಪಿನ ಬಟ್ಟಲುಗಳನ್ನು ಕುದಿಸಿ ತೊಳೆಯುವ ಕೆಲಸವನ್ನೂ ಮುದುಕಿಯೇ ವಹಿಸಿಕೊಂಡಿದ್ದರು. ಸೊಸೆಯ ಕೈಗೆ ಕೊಡುತ್ತಿರಲಿಲ್ಲ.

ಎರಡು ವಾರ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ತೊಟ್ಟುಗಳು ಬಿರಿದು ರಕ್ತ ಒಸರಿತು. ನಾನು ಮುಲಾಮು ಕೊಟ್ಟು, “ಸಾಕು ಬಿಡೇ,” ಅಂದೆ. “ಬಿಡೋಕೂ ಶಕ್ತಿ ಬೇಕಲ್ಲಕ್ಕ. ಅದೂ ಇಲ್ಲ. ಅದಕ್ಕೇ ಮಾಡ್ತಾ ಇದ್ದೀನಿ,” ಅಂದಳು.

ಹದಿನೇಳನೆಯ ದಿನ ಮಧ್ಯಾಹ್ನ ಪರದೆ ಸರಿಸಿ ನನ್ನತ್ತ ಕೈ ಬೀಸಿದಳು. ಕೌಂಟರು ಹಾಗೇ ಬಿಟ್ಟು ಓಡಿದೆ. ಬಟ್ಟಲಿನ ತಳದಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ಹನಿ, ಹಳದಿ ಮಿಶ್ರಿತ ಬಿಳಿ. ಮೂವರೂ ಬಗ್ಗಿ ಅದನ್ನೇ ನೋಡಿದೆವು.

“ಇಷ್ಟಕ್ಕೆ,” ಅಂದಳು ಜಿಪ್ಪಮ್ಮ. ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಹಾಗೇ ಇದ್ದಳು. ಅತ್ತಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅತ್ತೆ ಬೆನ್ನು ಸವರುತ್ತಾ ನಿಂತಿದ್ದರು.

ಮಗು ಬಂದಿದ್ದು ಇನ್ನೂ ಎರಡು ತಿಂಗಳ ಮೇಲೆ. ಇಪ್ಪತ್ನಾಲ್ಕು ದಿನದ ಹೆಣ್ಣು. ತಂದೆ ಲಾರಿ ಚಾಲಕ. ಮಗು ಹೊಟ್ಟೆಯಲ್ಲಿರುವಾಗಲೇ ಅಪಘಾತದಲ್ಲಿ ತೀರಿಕೊಂಡಿದ್ದ. ತಾಯಿ ಹೆರಿಗೆಯಾದ ದಿನವೇ ರಕ್ತ ನಿಲ್ಲದೆ ಹೋಗಿದ್ದಳು. ಎರಡೂ ಕಡೆಯಿಂದ ಕೇಳಿಕೊಂಡು ಬಂದವರಿಲ್ಲ. ಕಾಗದದಲ್ಲಿ ಇಬ್ಬರ ಹೆಸರೂ ಇದ್ದವು.

ಹೊತ್ತಿಗೆ ಎರಡು ಮೂರು ಚಮಚದಷ್ಟು ಹಾಲು ಅಷ್ಟರಲ್ಲಿ ಬರುತ್ತಿತ್ತು. ಅದರಲ್ಲಿ ಮಗುವಿನ ಹೊಟ್ಟೆ ತುಂಬುವುದಿಲ್ಲ. ಡಬ್ಬಿ ಹಾಲು ಬೇಕೇ ಬೇಕು. ಮುಫ್ತಿಗಳನ್ನು ಫೋನಿನಲ್ಲಿ ಕೇಳಿದಾಗ ಹೀಗೆ ಹೇಳಿದರಂತೆ: “ಎಷ್ಟು ಅನ್ನೋದಲ್ಲ. ಮಗು ಕುಡಿದು ತಾನಾಗಿಯೇ ಬಾಯಿ ಬಿಟ್ರೆ ಅದು ಒಂದು ಸಲ. ಒಂದು ಸಲಕ್ಕೇ ಸಾಕು ಅನ್ನೋರೂ ಇದ್ದಾರೆ. ಐದು ಸಲ ಮಾಡಿ, ಯಾರ ತಕರಾರೂ ಇರಲ್ಲ. ನೋಡೋಕೆ ಹೆಂಗಸರು ಒಂದಿಬ್ಬರು ಇರಲಿ.” ಹಾಗಾಗಿ ಅತ್ತೆಯೂ ನಾನೂ ಸಾಕ್ಷಿಗಳಾದೆವು.

ಮಗು ಬಾಟಲಿಗೆ ಒಗ್ಗಿತ್ತು. ಎದೆಗೆ ಹಿಡಿದರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಚೀರುತ್ತಿತ್ತು. ಮೂರು ದಿನ ಇದೇ ಪಾಡು. ಮಗುವೂ ಬೆವರಿ, ಅವಳೂ ಬೆವರಿ, ಕೊನೆಗೆ ಬಾಟಲಿಯೇ ಗತಿ. ಆಸ್ಪತ್ರೆಯ ದಾದಿಯೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ದಾರದಷ್ಟು ಸಣ್ಣ ನಳಿಗೆಯನ್ನು ಎದೆಗೆ ಅಂಟಿಸಿ, ಅವಳದೇ ಹಿಂಡಿದ ಹಾಲನ್ನು ಅದರಲ್ಲಿ ಇಳಿಬಿಡುವುದು. ಎಳೆದರೆ ಕೂಡಲೇ ಬಾಯಿಗೆ ಬರುತ್ತದೆ, ಮಗುವಿಗೆ ಸಿಟ್ಟು ಬರುವುದಿಲ್ಲ.

ನಾಲ್ಕನೆಯ ದಿನ ಮೊದಲ ಸಲ ಆಯಿತು. ಮರುದಿನ ಎರಡನೆಯದು. ಮೂರನೆಯದರಲ್ಲಿ ಮಗು ಅರ್ಧಕ್ಕೆ ಸೀನಿ ನಳಿಗೆ ಕಿತ್ತುಬಂತು. “ಇದು ಲೆಕ್ಕಕ್ಕಿಲ್ಲ. ಅವಳಾಗಿ ಬಿಡಲಿಲ್ಲ, ನಳಿಗೆ ಬಿಡಿಸಿತು,” ಎಂದರು ಅತ್ತೆ. ಆ ಮುದುಕಿಯ ಹತ್ತಿರ ರಿಯಾಯಿತಿ ಇರಲಿಲ್ಲ. ನಡುವೆ ಮಗುವಿಗೆ ನೆಗಡಿಯಾಗಿ ನಾಲ್ಕು ದಿನ ಹಾಳಾಯಿತು. ಐದನೆಯದು ನಡೆದದ್ದು ಹನ್ನೆರಡನೆಯ ದಿನ, ಮಧ್ಯಾಹ್ನ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಜಿಪ್ಪಮ್ಮ ಕೂತಿದ್ದಳು. ನಾನು ನಳಿಗೆ ಹಿಡಿದಿದ್ದೆ. ಮಗು ಎಳೆಯಿತು, ನಿಂತಿತು, ಮತ್ತೆ ಎಳೆಯಿತು. ಆಮೇಲೆ ತಾನಾಗಿಯೇ ಬಾಯಿ ಸಡಿಲಿಸಿ, ತಲೆ ವಾಲಿಸಿತು.

“ಆಯ್ತು,” ಅಂದರು ಅತ್ತೆ.

“ಆಯ್ತಾ?” ಎಂದು ಕೇಳಿದ ಜಿಪ್ಪಮ್ಮ ಉತ್ತರಕ್ಕೂ ಕಾಯದೆ ಕುರ್ಚಿಗೆ ಒರಗಿ ನಿದ್ದೆಹೋದಳು. ರವಿಕೆಯ ಗುಂಡಿ ಹಾಕಿದ್ದು ನಾನು. ಅವಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ; ಹೊತ್ತ ಮೂಟೆಯನ್ನು ಇಳಿಸಿದವರ ಮುಖ ಅದು.

ಸಾಹೇಬರು ಹೊರಗೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅತ್ತೆ ಬಾಗಿಲು ತೆರೆದು, “ಬಾ ಒಳಗೆ. ನಿನ್ನ ಮಗಳನ್ನ ಎತ್ಕೋ,” ಅಂದರು. ಅವರು ಮೊದಲು ಕೈಗಡಿಯಾರ ಬಿಚ್ಚಿಟ್ಟರು. ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದರು. ಆಮೇಲೆ ಎರಡೂ ಅಂಗೈ ಒಡ್ಡಿ ಮಗುವನ್ನು ತೆಗೆದುಕೊಂಡರು.

“ಮೂರು ಕೆಜಿ ಆರುನೂರು,” ಅಂದರು. ಸ್ವಲ್ಪ ತಡೆದು, “ಐವತ್ತು ಗ್ರಾಂ ಆಚೆ ಈಚೆ ಇರಬಹುದು,” ಎಂದು ಸೇರಿಸಿದರು.

ಇನ್ನೂ ನಾಲ್ಕು ತಿಂಗಳು ಎಷ್ಟಾಗುತ್ತದೋ ಅಷ್ಟು ಹಾಲು ಕೊಟ್ಟಳು. ಆಮೇಲೆ ಹಾಲು ತಾನಾಗಿಯೇ ಬತ್ತಿತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ, ರೂಪ ಬದಲಿಸಿತು. ಲಸಿಕೆಯ ಕಾರ್ಡಿನಲ್ಲಿ, ಶಾಲೆಯ ಅರ್ಜಿಯಲ್ಲಿ, ಎಲ್ಲೆಲ್ಲಿ ತಂದೆಯ ಹೆಸರು ಕೇಳುತ್ತಾರೋ ಅಲ್ಲೆಲ್ಲ ಸಾಹೇಬರು ತಮ್ಮ ದುಂಡು ಅಕ್ಷರದಲ್ಲಿ ಆ ಲಾರಿ ಚಾಲಕನ ಹೆಸರು ಬರೆಯುತ್ತಿದ್ದರು. ಶಾಲೆಯ ಗುಮಾಸ್ತ, “ನಿಮ್ಮದೇ ಹಾಕಿಬಿಡಿ ಸ್ವಾಮಿ, ಯಾರು ಕೇಳ್ತಾರೆ? ಮಗುವಿಗೂ ಸುಲಭ,” ಅಂದ. ಜಿಪ್ಪಮ್ಮನಿಗೂ ಆ ಗಳಿಗೆಯಲ್ಲಿ ಹೌದೆನ್ನಿಸಿತಂತೆ. ಸಾಹೇಬರು ತಲೆ ಎತ್ತದೆ ಬರೆದು ಮುಗಿಸಿದರು. “ತೂಕ ತಪ್ಪು ಹೇಳೋಕೆ ನನಗೆ ಬರಲ್ಲ,” ಅಂದರಂತೆ.

ಮಗಳಿಗೆ ಐದು ವರ್ಷವಾದಾಗಲೇ ಎಲ್ಲ ಹೇಳಿದ್ದರು. ಎಂಟನೆಯ ವರ್ಷದಲ್ಲಿ ಅವಳು, “ನಮ್ಮಪ್ಪ ಯಾವ ಲಾರಿ ಓಡಿಸ್ತಿದ್ರು?” ಎಂದು ಕೇಳಿದಳು. ಸಾಹೇಬರಿಗೆ ಗೊತ್ತಿರಲಿಲ್ಲ. ಎರಡು ದಿನ ಕೆಲಸ ಬಿಟ್ಟು, ಹಳೆಯ ಕಾಗದ ಹಿಡಿದು, ಲಾರಿ ಕಚೇರಿಗಳನ್ನು ಸುತ್ತಿದರು. ಕೊನೆಗೆ ಅವನ ಜೊತೆ ಓಡಾಡಿದ್ದ ಒಬ್ಬ ಮುದಿ ಚಾಲಕ ಸಿಕ್ಕ. ತಂದ ಸುದ್ದಿ ಇಷ್ಟು: ಸಿಮೆಂಟಿನ ಲಾರಿ, ಒಳ್ಳೆಯ ಮನುಷ್ಯ, ಎಡಚ.

ಜಿಪ್ಪಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಮಗಳಿಗೆ ಕತ್ತರಿ ಹಿಡಿಯಲು ಬರುವುದಿಲ್ಲ, ಗಮನವಿಲ್ಲ ಎಂದು ಒಂದು ವರ್ಷದಿಂದ ಬೈಯುತ್ತಿದ್ದಳು. ಮರುದಿನ ಎಡಗೈಯವರ ಕತ್ತರಿ ಹುಡುಕಿ ತಂದಳು. “ಯಾರದೋ ವೀರ್ಯ ತರಿಸಿ ಯಾರಿಗೂ ಹೇಳದೆ ಹೆತ್ತಿದ್ರೆ, ಆ ಮಗು ಕೇಳಿದಾಗ ನಾನೆಲ್ಲಿಗೆ ಹೋಗಿ ವಿಚಾರಿಸ್ತಿದ್ದೆ ಅಕ್ಕ?” ಎಂದು ನನ್ನನ್ನು ಕೇಳಿದಳು. “ಹಾಗಂತ ಆ ದಾರೀಲಿ ಹೆತ್ತವರನ್ನ ನಾನು ಏನೂ ಅನ್ನಲ್ಲ. ಆ ಆಸೆ ಎಂಥದ್ದು ಅಂತ ನನಗೆ ಗೊತ್ತು.”

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಹುಡುಗಿಗೆ ಈಗ ಹದಿಮೂರು. ಹೊರಗೆ ಹೋಗುವಾಗ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾಳೆ. ಮೊನ್ನೆ ನಾನು ಅವರ ಮನೆಯಲ್ಲಿ ಕೂತಿದ್ದಾಗ ಶಾಲೆಯಿಂದ ಬಂದಳು. ಸಾಹೇಬರು ನೆಲದ ಮೇಲೆ ಯಾವುದೋ ಅಂಗಡಿಯ ತಕ್ಕಡಿ ಬಿಚ್ಚಿ ಹರಡಿಕೊಂಡಿದ್ದರು. ಅವಳು ಚೀಲ ಎಸೆದು, ತಲೆಯ ಬಟ್ಟೆ ಕಿತ್ತು ಕುರ್ಚಿಗೆ ಹಾಕಿ, “ಏನು ಸೆಕೆಯಪ್ಪಾ!” ಎಂದು ಅವರ ಪಕ್ಕದಲ್ಲೇ ನೆಲಕ್ಕೆ ಕೂತು, ಬೆವೆತ ಜಡೆ ಬಿಚ್ಚತೊಡಗಿದಳು. ಸಾಹೇಬರು ಒಂದು ಸ್ಕ್ರೂ ಅವಳ ಕೈಗೆ ಕೊಟ್ಟು, “ಕಳೀಬೇಡ, ಹಿಡ್ಕೋ,” ಅಂದರು.

ಅಷ್ಟರಲ್ಲಿ ಜಿಪ್ಪಮ್ಮ ಅಂಗಡಿ ಮುಚ್ಚಿ ಬಂದಳು. ಸೊಂಟ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು.

“ಎಲ್ಲರೂ ಕೂತೇ ಇದ್ದೀರಲ್ಲ,” ಅಂದಳು. “ಯಾರಾದ್ರೂ ಎದ್ದು ಒಂದು ಲೋಟ ನೀರು ಕೊಡ್ತೀರಾ, ಇಲ್ಲ ಅದನ್ನೂ ನಾನೇ ತಗೋಬೇಕಾ?”

ಹುಡುಗಿ ಸ್ಕ್ರೂವನ್ನು ಸಾಹೇಬರ ಜೇಬಿಗೆ ಹಾಕಿ ಎದ್ದಳು.